ಆರು ತಿಂಗಳ ಕೋರ್ಸ್ ಮಾಡಿದರೆ ಹದಿಹರೆಯದ ಮಕ್ಕಳ ಜೊತೆ ಕೆಲಸ ಮಾಡಬಹುದಾ?

ಪ್ರಶ್ನೆ: ನನಗೆ 23 ವರ್ಷ, ಸಕಲೇಶಪುರ ತಾಲೂಕು. ಇತಿಹಾಸ, ಸಮಾಜಶಾಸ್ತ್ರ, ಕನ್ನಡ ತಗೊಂಡು ಬಿಎ ಮುಗಿಸಿದ್ದೇನೆ. ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್. ಎರಡು ವರ್ಷದಿಂದ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುತ್ತಿದ್ದೇನೆ. ಎಂಟರಿಂದ ಹತ್ತನೇ ಕ್ಲಾಸಿನವರು. ಪಾಠಕ್ಕಿಂತ ಅವರ ಮಾತು ಕೇಳುವುದೇ ಜಾಸ್ತಿ ಆಗುತ್ತದೆ. ಕಳೆದ ತಿಂಗಳು ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ‘ಅಕ್ಕ, ಪರೀಕ್ಷೆ ಮುಗಿದ ಮೇಲೆ ನಂಗೆ ಮದುವೆ ಮಾಡ್ತಾರಂತೆ, ಯಾರಿಗೂ ಹೇಳಬೇಡಿ’ ಅಂದಳು. ಹೂಂ ಅಂದೆ. ಆಮೇಲೆ ಏನು ಮಾಡಬೇಕು ಅಂತ ಗೊತ್ತಾಗದೆ ಸುಮ್ಮನಿದ್ದೇನೆ. ಇಂಥ ಮಕ್ಕಳು, ಅವರ ಮನೆಯವರ ಜೊತೆ ಕೆಲಸ ಮಾಡುವುದನ್ನೇ ಉದ್ಯೋಗ ಮಾಡಿಕೊಳ್ಳಬೇಕು ಅನ್ನಿಸಿದೆ. ಒಂದು ಸಂಸ್ಥೆಯವರು ಆರು ತಿಂಗಳ ಆನ್‌ಲೈನ್ ಆಪ್ತಸಮಾಲೋಚನೆ ಕೋರ್ಸಿಗೆ 28,000 ರೂಪಾಯಿ, ಕೆಲಸ ಗ್ಯಾರಂಟಿ ಅನ್ನುತ್ತಿದ್ದಾರೆ. ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಇಲ್ಲದಿದ್ದರೆ ಯಾರೂ ತಗೊಳ್ಳಲ್ಲ ಅಂತ ಗೆಳತಿ ಹೇಳುತ್ತಾಳೆ. ‘ಅಷ್ಟು ಬೇಗ ಅಳೋ ನಿಂಗೆ ಕಂಡೋರ ಮನೆ ಉಸಾಬರಿ ಯಾಕೆ’ ಅನ್ನುವುದು ಅಮ್ಮನ ಮಾತು. ಯಾರ ಮಾತು ಕೇಳಲಿ?

ಉತ್ತರ: ಕೋರ್ಸಿನ ವಿಷಯ ಆಮೇಲೆ ಮಾತಾಡೋಣ. ಮೊದಲು ಆ ಹುಡುಗಿ.

ಹತ್ತನೇ ಕ್ಲಾಸು ಅಂದರೆ 15, ಹೆಚ್ಚೆಂದರೆ 16. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪ್ರಕಾರ ಅಪರಾಧ. ಕರ್ನಾಟಕ ಈ ಕಾಯ್ದೆಗೆ ತಂದಿರುವ ತಿದ್ದುಪಡಿ ಪ್ರಕಾರ ಅಂಥ ಮದುವೆ ಆಗಿದ್ದರೂ ಆಗಿಲ್ಲ ಅಂತಲೇ ಲೆಕ್ಕ. ನೀವು ಮಾಡಬೇಕಾದ್ದು 1098ಕ್ಕೆ ಒಂದು ಫೋನ್. ಅದು ಮಕ್ಕಳ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ಕರೆಗೆ ದುಡ್ಡು ಬೀಳುವುದಿಲ್ಲ. ನಿಮ್ಮ ಹೆಸರನ್ನು ಗುಟ್ಟಾಗಿಡಿ ಅಂತ ಕೇಳಿಕೊಳ್ಳಬಹುದು. ನೀವೇ ಲೈನ್ ಮನೆಗೆ ಹೋಗಿ ಅವಳ ಅಪ್ಪ ಅಮ್ಮನಿಗೆ ಬುದ್ಧಿ ಹೇಳಲು ಹೋಗಬೇಡಿ. ನಿಮ್ಮ ತಂದೆ ಅಲ್ಲಿ ರೈಟರ್, ಆ ಮನೆಯವರ ಹಾಜರಿ ಹಾಕುವವರು. ರೈಟರ ಮಗಳು ಬಂದು ಹೇಳಿದರೆ ಅವರು ಎದುರಿಗೆ ತಲೆಯಾಡಿಸುತ್ತಾರೆ, ಮುಂದಿನ ವಾರ ಹುಡುಗಿ ಯಾವುದೋ ಊರಿನ ನೆಂಟರ ಮನೆಯಲ್ಲಿರುತ್ತಾಳೆ.

ಫೋನ್ ಹೋದ ಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರೋ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರೋ, ಬೇಕಿದ್ದರೆ ಪೊಲೀಸರನ್ನೂ ಕರೆದುಕೊಂಡು, ಆ ಮನೆಗೆ ಹೋಗುತ್ತಾರೆ. ಹುಡುಗಿಯ ವಯಸ್ಸಿನ ದಾಖಲೆ ನೋಡುತ್ತಾರೆ. ಕಾಯ್ದೆ ಏನು ಹೇಳುತ್ತದೆ ಅಂತ ತಿಳಿಸಿ ಅಪ್ಪ ಅಮ್ಮನಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಅಪಾಯ ಕಂಡರೆ ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ. ಅಷ್ಟಾದ ಮೇಲೆ ಜೀಪು ವಾಪಸ್ ಹೋಗುತ್ತದೆ.

ನೀವು ಮಾಡಬೇಕು ಅಂದುಕೊಂಡಿರುವ ಉದ್ಯೋಗ ಶುರುವಾಗುವುದು ಆ ಜೀಪು ಹೋದ ಮೇಲೆ. ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿದ ಅಪ್ಪನಿಗೆ ಊರವರ ಮುಂದೆ ಮರ್ಯಾದೆ ಹೋಯಿತು ಅನ್ನುವ ಸಿಟ್ಟು. ಹುಡುಗಿಗೆ ಇದೆಲ್ಲ ನನ್ನಿಂದಲೇ ಆಯಿತು ಅನ್ನುವ ಭಾರ. ಅಮ್ಮ ಇಬ್ಬರ ಮಧ್ಯೆ. ಗಂಡಿನ ಕಡೆಯವರಿಂದ ಸಾಲ ತಗೊಂಡಿದ್ದರೆ ಅದು ಬೇರೆ. ಹುಡುಗಿ ಪಾಸಾದರೆ ಪಿಯುಸಿ ಎಲ್ಲಿ, ಹಾಸ್ಟೆಲ್ ಸೀಟು ಸಿಗುತ್ತದಾ, ಫೇಲಾದರೆ ಮತ್ತೆ ಮದುವೆ ಮಾತು ಏಳುತ್ತದಾ? ಇದನ್ನೆಲ್ಲ ಹಿಡಿದುಕೊಂಡು ಆ ಮನೆಗೆ ತಿಂಗಳಿಗೆ ಎರಡು ಸಲ, ಅವಳಿಗೆ ಹದಿನೆಂಟು ತುಂಬುವವರೆಗೆ ಹೋಗಿ ಬರುವ ಒಬ್ಬರು ಬೇಕು. ಬಹಳ ಕಡೆ ಆ ಒಬ್ಬರು ಇರುವುದಿಲ್ಲ. ಮುಚ್ಚಳಿಕೆ ಫೈಲಿನಲ್ಲಿರುತ್ತದೆ, ಮದುವೆ ಇನ್ನೊಂದು ತಾಲೂಕಿನಲ್ಲಿ ಆಗಿರುತ್ತದೆ. ನಾನು ಹಾಸನ ಜಿಲ್ಲೆಯಲ್ಲಿ 20 ವರ್ಷದಿಂದ ಮಾಡುತ್ತಿರುವುದು ಈ ಹೋಗಿ ಬರುವ ಕೆಲಸ, ಈಗ ಹೊಸಬರಿಗೆ ಕಲಿಸುತ್ತಿರುವುದೂ ಇದನ್ನೇ. ಹಾಗಾಗಿ ಯಾವ ತರಬೇತಿ ಒಳ್ಳೆಯದು ಅಂತ ಕೇಳಿದರೆ ನನ್ನ ಅಳತೆ ಒಂದೇ. ಒಂದು ಮನೆಗೆ ಎರಡನೇ ಸಲ, ಐದನೇ ಸಲ, ಹತ್ತನೇ ಸಲ ಹೋಗುವುದು ಹೇಗೆ ಅಂತ ಅದು ಕಲಿಸುತ್ತದಾ?

ಇನ್ನು ನೀವು ‘ಹೂಂ’ ಅಂದದ್ದು. ಅದಕ್ಕಾಗಿ ನಿಮ್ಮನ್ನೇ ಬೈದುಕೊಳ್ಳಬೇಡಿ, ನಾನೂ ಅಲ್ಲಿಂದಲೇ ಕಲಿತವಳು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಬೇಲೂರು ತಾಲೂಕು. ಪಿಯುಸಿ ಓದುವ ಹುಡುಗಿಯೊಬ್ಬಳು ಕಾಲೇಜಿನ ಹಿಂದಿನ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಿದ್ದಳು. ಜಡೆಯ ರಿಬ್ಬನ್ನಿನ ತುದಿಯನ್ನು ಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಸುತ್ತುತ್ತಾಳೆ. ಬೆರಳ ತುದಿ ಬೆಳ್ಳಗಾಗಿತ್ತು. ‘ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ ಅಕ್ಕ, ಒಂದು ವಿಷ್ಯ ಹೇಳ್ತೀನಿ’ ಅಂದಳು. ಆಣೆ ಮಾಡಿದೆ. ಬದುಕಿರುವುದಕ್ಕೆ ಇಷ್ಟವಿಲ್ಲ, ಯಾವತ್ತು ಅಂತಲೂ ಯೋಚಿಸಿಟ್ಟಿದ್ದೇನೆ ಅಂದಳು. ಅವತ್ತು ಸಂಜೆಯೇ ಅವಳ ಅಮ್ಮನಿಗೆ ಹೇಳಿದೆ, ಹೇಳಲೇಬೇಕಿತ್ತು. ಮಾರನೇ ದಿನ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹುಡುಗಿ ಉಳಿದಳು. ಆದರೆ ನಾಲ್ಕು ತಿಂಗಳು ನನ್ನನ್ನು ಕಂಡರೆ ರಸ್ತೆಯ ಆ ಕಡೆಗೆ ದಾಟುತ್ತಿದ್ದಳು. ಹೇಳಿದ್ದು ತಪ್ಪಾಗಿರಲಿಲ್ಲ. ಆಣೆ ಮಾಡಿದ್ದು ತಪ್ಪಾಗಿತ್ತು.

ಅದಕ್ಕೇ ಈಗ ನಮ್ಮ ಹತ್ತಿರ ಕಲಿಯಲು ಬರುವವರಿಗೆ ಮೊದಲ ದಿನವೇ ಒಂದು ಮಾತು ರೂಢಿ ಮಾಡಿಸುತ್ತೇವೆ. ‘ನೀನು ಹೇಳಿದ್ದನ್ನ ನಾನು ಊರಲ್ಲೆಲ್ಲ ಹೇಳ್ಕೊಂಡು ತಿರುಗಲ್ಲ. ಆದ್ರೆ ನಿನ್ನ ಜೀವಕ್ಕೆ ಅಪಾಯ ಇದ್ರೆ, ಯಾರಾದ್ರೂ ನಿಂಗೆ ತೊಂದ್ರೆ ಕೊಡ್ತಿದ್ರೆ, ಸಹಾಯ ಮಾಡೋರಿಗೆ ನಾನು ಹೇಳ್ಬೇಕಾಗುತ್ತೆ. ಯಾರಿಗೆ ಹೇಳ್ತೀನಿ ಅಂತ ಮೊದ್ಲು ನಿಂಗೇ ಹೇಳ್ತೀನಿ.’ ಕೇಳಲು ಸುಲಭ. ಎದುರಿಗೆ ಒಂದು ಮಗು ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿರುವಾಗ ಬಾಯಿಂದ ಬರುವುದಿಲ್ಲ, ಅದಕ್ಕೇ ಎದುರು ಬದುರು ಕೂರಿಸಿ ಮತ್ತೆ ಮತ್ತೆ ಹೇಳಿಸುತ್ತೇವೆ. ಇದರಲ್ಲಿ ಕಾನೂನೂ ಇದೆ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ, 2012ರ ಪೋಕ್ಸೊ ಕಾಯ್ದೆ ಪ್ರಕಾರ, ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನಿದ್ದರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಹದಿನೇಳರ ಹುಡುಗಿ ಒಪ್ಪಿಯೇ ಹುಡುಗನ ಜೊತೆ ದೈಹಿಕ ಸಂಬಂಧ ಇಟ್ಟುಕೊಂಡರೂ ಅದೇ ಕಾಯ್ದೆ ಬರುತ್ತದೆ, ಒಪ್ಪಿಗೆಗೆ ಅಲ್ಲಿ ಬೆಲೆಯಿಲ್ಲ. ನಮ್ಮ ಕಡೆ ‘ಓಡಿಹೋದರು’ ಅನ್ನುವ ಎಷ್ಟೋ ಪ್ರಕರಣ ಕೊನೆಗೆ ಬಂದು ನಿಲ್ಲುವುದು ಇಲ್ಲಿ. ಇದನ್ನು ಹೇಳಿಕೊಡದ ಕೋರ್ಸು ನಿಮ್ಮನ್ನು ಮಾತ್ರವಲ್ಲ, ಮಕ್ಕಳನ್ನೂ ಕಷ್ಟಕ್ಕೆ ಸಿಕ್ಕಿಸುತ್ತದೆ.

ಈಗ ಆ 28,000 ರೂಪಾಯಿಗೆ ಬರೋಣ.

ಆಪ್ತಸಮಾಲೋಚಕಿ ಅನ್ನುವ ಹೆಸರಿಗೆ ನಮ್ಮಲ್ಲಿ ಬಹಳ ವರ್ಷ ಹೇಳುವವರು ಕೇಳುವವರು ಇರಲಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. ಆಪ್ತಸಮಾಲೋಚಕರಿಗೆ ಅಂಥದ್ದು ಇರಲಿಲ್ಲ, ಅದಕ್ಕೇ ವಾರಾಂತ್ಯದ ಕೋರ್ಸು ಮಾಡಿದವರೂ ಬೋರ್ಡು ಹಾಕಿಕೊಂಡರು. 2021ರಲ್ಲಿ ಬಂದ ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ ಆಪ್ತಸಮಾಲೋಚಕರೂ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರೂ ಇದ್ದಾರೆ. ಹಾಗಾಗಿ ಮುಂದಿನ ದಿನಗಳಲ್ಲಿ ಸರಿಯಾದ ಪದವಿ ಇಲ್ಲದವರಿಗೆ ಬಾಗಿಲು ಕಿರಿದಾಗುತ್ತಾ ಹೋಗುತ್ತದೆ ಅನ್ನುವುದು ನನ್ನ ಅಂದಾಜು. ಆರು ತಿಂಗಳ ಆನ್‌ಲೈನ್ ಸರ್ಟಿಫಿಕೇಟು ಆ ಪದವಿಯ ಜಾಗದಲ್ಲಿ ನಿಲ್ಲುವುದಿಲ್ಲ.

ಹಾಗಂತ ನಿಮ್ಮ ಗೆಳತಿಯ ಮಾತೂ ಪೂರ್ತಿ ನಿಜವಲ್ಲ. ಮಕ್ಕಳ ರಕ್ಷಣೆಗೆ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆ ಇದೆ, ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದ ಹುದ್ದೆಗಳು ಅದರಡಿ ಬರುತ್ತವೆ. 2022ರ ಮಾರ್ಗಸೂಚಿ ಪ್ರಕಾರ ಕ್ಷೇತ್ರ ಕಾರ್ಯಕರ್ತರ ಹುದ್ದೆಗೆ ಪಿಯುಸಿ ಸಾಕು, ಸಂಬಳ ತಿಂಗಳಿಗೆ 10,592 ರೂಪಾಯಿ. ಸಮಾಜ ಕಾರ್ಯಕರ್ತರ ಹುದ್ದೆಗೆ ಪದವಿ ಬೇಕು, ಸಮಾಜ ಕಾರ್ಯ ಅಥವಾ ಸಮಾಜಶಾಸ್ತ್ರದಂಥ ವಿಷಯ ಓದಿದವರಿಗೆ ಆದ್ಯತೆ, ಸಂಬಳ 18,536. ಆಪ್ತಸಮಾಲೋಚಕರಿಗೂ ಸಂಬಳ ಅಷ್ಟೇ, ಆದರೆ ಸಂಬಂಧಪಟ್ಟ ಪದವಿ ಅಥವಾ ಸ್ನಾತಕೋತ್ತರ ಡಿಪ್ಲೊಮಾದ ಜೊತೆ ಕನಿಷ್ಠ ಒಂದು ವರ್ಷದ ಅನುಭವ ಕೇಳುತ್ತಾರೆ. ಆ ಅನುಭವ ಅನ್ನುವ ಪದವನ್ನು ಗಮನಿಸಿ. 28,000ಕ್ಕೆ ಯಾರೂ ಅದನ್ನು ಮಾರಲಾರರು. ನಿಮ್ಮ ಹತ್ತಿರ ಪದವಿ ಇದೆ, ಸಮಾಜಶಾಸ್ತ್ರ ಇದೆ. ಇಲ್ಲದಿರುವುದು ಮೇಲಿನವರೊಬ್ಬರ ಕಣ್ಣಳತೆಯಲ್ಲಿ ಮಾಡಿದ ಒಂದು ವರ್ಷದ ಕೆಲಸ.

ಆದರೂ ಆ ಸಂಸ್ಥೆಗೆ ಒಂದು ಫೋನ್ ಮಾಡಿ ಕೇಳಿ ನೋಡಿ. ಮಕ್ಕಳ ಜೊತೆ, ಮನೆಗಳಲ್ಲಿ ಎಷ್ಟು ಗಂಟೆ ಕೆಲಸ ಮಾಡಿಸುತ್ತೀರಿ? ನಾನು ಬರೆದ ಟಿಪ್ಪಣಿಯನ್ನು ಯಾರು ಓದಿ ತಿದ್ದುತ್ತಾರೆ? ಪಾಠ ಮಾಡುವವರು ಈಗಲೂ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದಾರಾ, ಯಾವ ಊರಲ್ಲಿ? ಕೆಲಸ ಗ್ಯಾರಂಟಿ ಅನ್ನುವುದನ್ನು ಯಾವ ಊರು, ಎಷ್ಟು ಸಂಬಳ ಅಂತ ಸೇರಿಸಿ ಬರವಣಿಗೆಯಲ್ಲಿ ಕೊಡುತ್ತೀರಾ? ಮಧ್ಯದಲ್ಲಿ ಬಿಟ್ಟರೆ ದುಡ್ಡು ವಾಪಸ್ಸಾ? ಮೊದಲ ಎರಡು ಪ್ರಶ್ನೆಗೆ ಉತ್ತರ ತಡವರಿಸಿದರೆ ಫೋನ್ ಇಟ್ಟುಬಿಡಿ.

ನಿಮ್ಮ ಅಮ್ಮನ ಮಾತಿಗೆ ಸ್ವಲ್ಪ ಹೊತ್ತು ನಿಲ್ಲಬೇಕು. ಬೇಗ ಅಳು ಬರುವವರು ಈ ಕೆಲಸಕ್ಕೆ ಲಾಯಕ್ಕಿಲ್ಲ ಅನ್ನುವುದು ತಪ್ಪು ತಿಳಿವಳಿಕೆ. ನಾನು ನೋಡಿದ ಒಳ್ಳೆಯ ಕಾರ್ಯಕರ್ತೆಯರಲ್ಲಿ ಅರ್ಧಕ್ಕರ್ಧ ಜನ ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತವರೇ. ಎಲ್ಲಿ ಅಳುತ್ತೀರಿ, ಯಾರ ಎದುರು ಅಳುತ್ತೀರಿ ಅನ್ನುವುದು ಮುಖ್ಯ. ಮಗುವಿನ ಎದುರು ಜೋರಾಗಿ ಅತ್ತರೆ ಮಗು ತನ್ನ ಕಷ್ಟ ಬಿಟ್ಟು ನಿಮ್ಮನ್ನು ಸಮಾಧಾನ ಮಾಡಲು ಶುರು ಮಾಡುತ್ತದೆ, ಮುಂದಿನ ಸಲ ಏನೂ ಹೇಳುವುದಿಲ್ಲ. ವಾರಕ್ಕೊಮ್ಮೆ ನಿಮ್ಮ ಮಾತು ಕೇಳುವ ಹಿರಿಯರೊಬ್ಬರು ಇರಬೇಕು. ಈ ವಾರ ಯಾವ ಮನೆಗೆ ಹೋದೆ, ಏನು ಮಾಡಿದೆ, ಎಲ್ಲಿ ಎಡವಿದೆ, ಯಾವುದು ರಾತ್ರಿ ನಿದ್ದೆ ಕೆಡಿಸಿತು ಅಂತ ಹೇಳಿಕೊಳ್ಳಲು. ಅದು ಇಲ್ಲದ ಕಡೆ ಗಟ್ಟಿ ಮನಸ್ಸಿನವರೂ ಎರಡು ವರ್ಷಕ್ಕೆ ಸೋತುಹೋಗುತ್ತಾರೆ. ಕೆಲಸಕ್ಕೆ ಸೇರುವಾಗ ಸಂಬಳ ಕೇಳುವ ಮೊದಲು ಇದನ್ನು ಕೇಳಿ.

ನನಗೆ ಜಾಸ್ತಿ ಭಯ ಆಗುವುದು ‘ಮಕ್ಕಳು ಅಂದ್ರೆ ನನ್ನ ಪ್ರಾಣ’ ಅಂತ ಬರುವವರನ್ನು ಕಂಡರೆ. ಪ್ರೀತಿ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಅವರು ಮೊದಲ ತಿಂಗಳೇ ಮಗುವಿಗೆ ದುಡ್ಡು ಕೊಡುತ್ತಾರೆ, ರಾತ್ರಿ ಹನ್ನೊಂದಕ್ಕೂ ಮೆಸೇಜಿಗೆ ಉತ್ತರ ಕೊಡುತ್ತಾರೆ, ಮನೆಗೆ ಕರೆದುಕೊಂಡು ಹೋಗಿ ಊಟ ಹಾಕುತ್ತಾರೆ. ಅಪ್ಪ ಅಮ್ಮನಿಗೆ ತಮ್ಮ ಜಾಗ ಯಾರೋ ಕಿತ್ತುಕೊಂಡ ಹಾಗಾಗುತ್ತದೆ. ಆಮೇಲೆ ಕೆಲಸಗಾರರಿಗೆ ವರ್ಗಾವಣೆಯೋ ಮದುವೆಯೋ ಆಗಿ ಊರು ಬಿಡುತ್ತಾರೆ, ಮಗು ಇನ್ನೊಂದು ಸಲ ಕೈಬಿಡಿಸಿಕೊಳ್ಳುತ್ತದೆ.

ಅಪ್ಪ ಅಮ್ಮನ ವಿಷಯ ಬಂತಲ್ಲ, ಹೊಸಬರು ಎಡವುವುದು ಇಲ್ಲೇ ಜಾಸ್ತಿ. ಮಗುವಿನ ಮಾತು ಮೊದಲು ಕೇಳಿರುತ್ತೇವೆ, ಹಾಗಾಗಿ ಮನೆಯವರು ಶತ್ರುಗಳ ಹಾಗೆ ಕಾಣುತ್ತಾರೆ. ಅರಸೀಕೆರೆ ಕಡೆಯ ಒಂದು ಮನೆ ಹೇಳುತ್ತೇನೆ. ಹತ್ತನೇ ಕ್ಲಾಸಿನ ಹುಡುಗ, ರಾತ್ರಿ ಎರಡರವರೆಗೆ ಫೋನು, ಬೆಳಗ್ಗೆ ಏಳುವುದಿಲ್ಲ, ಶಾಲೆಗೆ ಚಕ್ಕರ್. ಅಪ್ಪ ಫೋನನ್ನು ಕಲ್ಲಿಗೆ ಕುಕ್ಕಿ ಒಡೆದಿದ್ದರು. ಅವತ್ತಿಂದ ಹುಡುಗ ಅಪ್ಪನ ಜೊತೆ ಮಾತು ಬಿಟ್ಟಿದ್ದ. ನಾನು ಹೋದಾಗ ಅಪ್ಪ ಅಂಗಳದಲ್ಲಿ ನೆಟ್ಟಿದ್ದ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಚುಚ್ಚಿ ಸುಲಿಯುತ್ತಿದ್ದರು. ಕೂರಿ ಅನ್ನಲಿಲ್ಲ. ನಾನೇ ಜಗುಲಿ ಮೇಲೆ ಕೂತೆ. ಆ ದಿನ ಕೊಬ್ಬರಿ ರೇಟು ಮಾತಾಡಿದೆವು. ಎರಡನೇ ಸಲವೂ ಕೊಬ್ಬರಿ ರೇಟು, ಜೊತೆಗೆ ಮರಕ್ಕೆ ಬಂದ ರೋಗ. ಮಗನ ಹೆಸರು ನಾನು ಎತ್ತಲಿಲ್ಲ. ಮೂರನೇ ಸಲ ಹೋದಾಗ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಅವರೇ ಹೇಳಿದರು, ‘ನಾನು ನಾಕ್ನೇ ಕ್ಲಾಸು ಮೇಡಂ. ಅವ್ನು ಏನು ಓದ್ತಾನೆ ಅಂತ ನಂಗೆ ಗೊತ್ತಾಗಲ್ಲ. ಫೋನ್ ಹಿಡ್ಕಂಡಿರೋದು ಒಂದೇ ಕಣ್ಣಿಗೆ ಕಾಣೋದು.’

ಆ ಮಾತು ಬರುವವರೆಗೆ ನಾನು ಏನೇ ಹೇಳಿದ್ದರೂ ವ್ಯರ್ಥ ಆಗುತ್ತಿತ್ತು. ಅದು ಬಂದ ಮೇಲೆ ಹೇಳಲು ವಿಷಯ ಇತ್ತು. ಈ ವಯಸ್ಸಿನಲ್ಲಿ ಮೈಯೊಳಗಿನ ಗಡಿಯಾರವೇ ಒಂದೆರಡು ಗಂಟೆ ಹಿಂದೆ ಸರಿಯುತ್ತದೆ, ನಿದ್ದೆ ಬರುವುದೇ ತಡ, ಅದರ ಮೇಲೆ ಫೋನು ಸೇರಿದರೆ ಇನ್ನೂ ತಡ. ಮುಂದಾಲೋಚನೆ ಮಾಡುವ, ಕೈ ಹಿಡಿದು ನಿಲ್ಲಿಸುವ ಮೆದುಳಿನ ಮುಂಭಾಗ ಬಲಿಯುವುದು ಹೆಚ್ಚುಕಡಿಮೆ 25ರ ಹೊತ್ತಿಗೆ. ಹುಡುಗ ಬೇಕಂತಲೇ ಎದುರು ನಿಂತಿದ್ದಾನೆ ಅಂದುಕೊಂಡಿದ್ದ ಅಪ್ಪನಿಗೆ ಇದು ಹೊಸದು. ಕೊನೆಗೆ ಆದದ್ದು ಸಣ್ಣ ಒಪ್ಪಂದ. ರಾತ್ರಿ ಹತ್ತಕ್ಕೆ ಮನೆಯ ಎಲ್ಲರ ಫೋನೂ, ಅಪ್ಪನದೂ ಸೇರಿ, ದೇವರ ಮನೆಯ ಗೂಡಿನಲ್ಲಿ. ಭಾನುವಾರ ಹುಡುಗ ಅಪ್ಪನ ಜೊತೆ ಕಾಯಿ ಸುಲಿಯಬೇಕು, ಅಪ್ಪ ಆ ಹೊತ್ತು ಓದಿನ ಮಾತು ಎತ್ತಬಾರದು. ಆ ವರ್ಷ ಹುಡುಗ ಎರಡು ವಿಷಯ ಫೇಲಾದ. ಆದರೆ ಮತ್ತೆ ಕಟ್ಟಲು ಅರ್ಜಿ ಹಾಕಿಸಿದ್ದು ಅಪ್ಪನೇ.

ನಿಮ್ಮ ಕಡೆಗೆ, ಮಲೆನಾಡಿಗೆ ಬಂದರೆ ಕಾರಣಗಳು ಬೇರೆ. ಹುಡುಗಿ ಎಸ್‌ಎಸ್‌ಎಲ್‌ಸಿ ಆದ ಮೇಲೆ ಓದು ಬಿಟ್ಟಳು, ಆಸಕ್ತಿಯಿಲ್ಲ ಅಂತ ವರದಿಯಲ್ಲಿ ಬರೆಯುತ್ತಾರೆ. ಕೂತು ಕೇಳಿದರೆ ಪಿಯು ಕಾಲೇಜು ಪಟ್ಟಣದಲ್ಲಿದೆ, ಸಂಜೆ ಬಸ್ಸು ಇಳಿದ ಮೇಲೆ ತೋಟದೊಳಗೆ ಎರಡು ಕಿಲೋಮೀಟರ್ ನಡೆಯಬೇಕು, ದಾರಿಯಲ್ಲಿ ಆನೆ ನಿಂತಿರುತ್ತದೆ. ಆಲೂರು, ಸಕಲೇಶಪುರದಲ್ಲಿ ಇದು ದಿನನಿತ್ಯದ ಮಾತು, ನಿಮಗೆ ನಾನು ಹೇಳಬೇಕಾಗಿಲ್ಲ. ಮನೆಯಲ್ಲಿ ವಯಸ್ಸಿಗೆ ಬಂದ ಹುಡುಗಿ, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ, ಲೈನಿನಲ್ಲಿ ಒಬ್ಬಳೇ. ಆ ಭಯಕ್ಕೆ ಅವರಿಗೆ ಗೊತ್ತಿರುವ ಮದ್ದು ಮದುವೆ. ಅವರನ್ನು ಕ್ರೂರಿಗಳು ಅಂತ ನೋಡಿದರೆ ನಿಮಗೆ ಮಾತಾಡಲು ಜಾಗ ಸಿಗುವುದಿಲ್ಲ. ಹಾಸ್ಟೆಲ್ ಸೀಟು ಹುಡುಕಿಕೊಟ್ಟರೆ ಸಿಗುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲಿನಲ್ಲಿ ದೊಡ್ಡ ಮಕ್ಕಳು ಶಾಲೆಗೆ ಬರುವುದು ಕಡಿಮೆ, ತಮ್ಮ ತಂಗಿಯರನ್ನು ನೋಡಿಕೊಳ್ಳಲು ಉಳಿಯುತ್ತಾರೆ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಮನೆಗಳಾದರೆ ಭಾಷೆಯೂ ಬರುವುದಿಲ್ಲ, ದಾಖಲೆಯೂ ಇರುವುದಿಲ್ಲ.

ಆದ್ದರಿಂದ ಈ ಕೆಲಸದ ಅರ್ಧ ಭಾಗ ಮಾತಲ್ಲ, ಕಾಗದ. ಆಧಾರ್‌ನಲ್ಲಿ ತಪ್ಪಾದ ಹೆಸರು, ಜಾತಿ ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ, ವಿದ್ಯಾರ್ಥಿ ಬಸ್ ಪಾಸು, ಹಾಸ್ಟೆಲ್ ಅರ್ಜಿಯ ಕೊನೆಯ ದಿನಾಂಕ. ಆಪ್ತಸಮಾಲೋಚನೆ ಅಂದರೆ ಎದುರು ಕೂರಿಸಿಕೊಂಡು ಒಳ್ಳೆಯ ಮಾತು ಹೇಳುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆ ಮಕ್ಕಳಿಗೆ ಒಳ್ಳೆಯ ಮಾತು ಹೇಳುವವರಿಗೆ ಬರವಿಲ್ಲ. ನಾಡಕಚೇರಿಗೆ ಜೊತೆಯಲ್ಲಿ ಹೋಗಿ ಸಾಲಿನಲ್ಲಿ ನಿಲ್ಲುವವರಿಲ್ಲ. ಆ ಸಾಲಿನಲ್ಲಿ ನಿಂತಾಗ ಮಗು ಹೇಳುವ ಮಾತು ಕೋಣೆಯಲ್ಲಿ ಕೂರಿಸಿ ಕೇಳಿದರೆ ಹೊರಗೆ ಬರುವುದಿಲ್ಲ, ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಹಾಗಾದರೆ ಏನು ಕಲಿಯಬೇಕು? ಕೇಳಿಸಿಕೊಳ್ಳುವುದು ಮೊದಲು. ಕೇಳುವುದಕ್ಕೂ ಒಂದು ಕ್ರಮವಿದೆ. ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಶುರು ಮಾಡಿ ಓದು, ಆಟ, ಸ್ನೇಹಿತರು, ಆಮೇಲೆ ಕುಡಿತ, ಗುಟ್ಕಾ, ಪ್ರೀತಿ ಪ್ರೇಮ, ಕೊನೆಗೆ ಮನಸ್ಸಿನ ಬೇಸರ. ಸುಲಭದ್ದರಿಂದ ಕಷ್ಟದ್ದಕ್ಕೆ. ಸಾಯಬೇಕು ಅನ್ನಿಸುತ್ತದಾ ಅಂತ ನೇರವಾಗಿ ಕೇಳಲು ಕಲಿಯಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅನ್ನುವುದು ಸುಳ್ಳು. ಕೇಳಿದಾಗ ಮಕ್ಕಳಿಗೆ ಉಸಿರು ಬಂದ ಹಾಗಾಗುತ್ತದೆ. ಹೌದು ಅಂದರೆ ಮುಂದೇನು ಅನ್ನುವುದು ಬಾಯಿಪಾಠ ಆಗಿರಬೇಕು. ಮಗುವನ್ನು ಒಂಟಿ ಬಿಡುವ ಹಾಗಿಲ್ಲ, ಮನೆಯವರಿಗೆ ತಿಳಿಸಬೇಕು, ಮನೆಯಲ್ಲಿರುವ, ತೋಟಕ್ಕೆ ಹೊಡೆಯುವ ಔಷಧಿ ಬೀಗದೊಳಗೆ ಹೋಗಬೇಕು, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದೊಯ್ಯಬೇಕು. 14416 ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರಿನಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು, ಯಾವ ಹೊತ್ತಿಗಾದರೂ. ಇದರ ಜೊತೆ ಕಾಯ್ದೆಗಳು, ಟಿಪ್ಪಣಿ ಬರೆಯುವುದು, ಯಾವ ಸಮಸ್ಯೆ ನನ್ನ ಕೈ ಮೀರಿದ್ದು ಅಂತ ಗುರುತಿಸುವುದು. ಕೊನೆಯದನ್ನು ಕಲಿಯಲು ಬಹಳ ಜನಕ್ಕೆ ವರ್ಷಗಳೇ ಹಿಡಿಯುತ್ತವೆ.

ಇದರಲ್ಲಿ ಎಷ್ಟೋ ಭಾಗ ದುಡ್ಡು ಕೊಡದೆ ಸಿಗುತ್ತದೆ. ನಿಮ್ಹಾನ್ಸ್‌ನಲ್ಲಿ ಸಂವಾದ್ ಅಂತ ಒಂದು ವಿಭಾಗ 2020ರಿಂದ ಇದೆ, ಮಕ್ಕಳ ರಕ್ಷಣೆ ಮತ್ತು ಮಾನಸಿಕ ಆರೋಗ್ಯದ ಬಗ್ಗೆ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಆನ್‌ಲೈನ್‌ನಲ್ಲೂ ತರಬೇತಿ ಕೊಡುತ್ತದೆ. ಇನ್ನೊಂದು, ನಿಮ್ಹಾನ್ಸ್ ಮತ್ತು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಸೇರಿ ನಡೆಸುವ ಯುವಸ್ಪಂದನ. 15ರಿಂದ 35 ವರ್ಷದವರಿಗಾಗಿ ಇರುವುದು. ಸ್ಥಳೀಯ ಯುವಕ ಯುವತಿಯರನ್ನೇ ಯುವ ಪರಿವರ್ತಕರು ಅಂತ ಆರಿಸಿ, ತರಬೇತಿ ಕೊಟ್ಟು ಕೆಲಸಕ್ಕೆ ಹಚ್ಚುತ್ತಾರೆ. ಹಾಸನದ ಜಿಲ್ಲಾ ಕ್ರೀಡಾಂಗಣಕ್ಕೆ ಹೋಗಿ ಇಲಾಖೆಯಲ್ಲಿ ವಿಚಾರಿಸಿ. ನಿಮಗೆ ನಾನು ಮೊದಲು ಹೇಳುವ ದಾರಿ ಇದು, ಅಥವಾ ಮಕ್ಕಳ ಜೊತೆ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿ ಕ್ಷೇತ್ರ ಕಾರ್ಯಕರ್ತೆ. ತಾಲೂಕು ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಇರುತ್ತದೆ, 10ರಿಂದ 19 ವರ್ಷದವರಿಗಾಗಿ 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಕೆಳಗೆ ಬರುವಂಥದ್ದು. ಅಲ್ಲಿನ ಆಪ್ತಸಮಾಲೋಚಕರನ್ನು ಭೇಟಿ ಮಾಡಿ ಪರಿಚಯ ಮಾಡಿಕೊಳ್ಳಿ. ಯಾವ ಮಕ್ಕಳನ್ನು ಅಲ್ಲಿಗೆ ಕಳಿಸಬಹುದು ಅಂತ ಕೇಳಿ ತಿಳಿದುಕೊಳ್ಳಿ.

ಕೆಲಸ ಮಾಡುತ್ತಲೇ ಪದವಿ ಮಾಡಿಕೊಳ್ಳಿ. ದೂರಶಿಕ್ಷಣ ಕೊಡುವ ಇಗ್ನೋ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯೂ ಇದೆ. ಪಾಠ ಇಂಗ್ಲಿಷ್‌ನಲ್ಲಿ, ಆರಂಭದಲ್ಲಿ ಕಷ್ಟ ಆಗಬಹುದು. ಎರಡು ವರ್ಷ ಪೂರ್ತಿ ಓದಿಗೆ ಕೊಡಲು ಮನೆಯಲ್ಲಿ ಸಾಧ್ಯವಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಇಲ್ಲವೇ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯೂ ಮಾಡಬಹುದು. ಅಲ್ಲಿ ವಾರದಲ್ಲಿ ಕೆಲವು ದಿನ ಕ್ಷೇತ್ರಕಾರ್ಯ ಕಡ್ಡಾಯ, ಅದೇ ಅದರ ಬೆಲೆ. ಆದರೆ ಒಂದು ವರ್ಷ ಕೆಲಸ ಮಾಡಿ ನೋಡದೆ ಎರಡು ವರ್ಷದ ಓದಿಗೆ ಹೋಗಬೇಡಿ ಅನ್ನುವುದು ನನ್ನ ಮಾತು. ಡಿಗ್ರಿ ಮುಗಿದ ಮೇಲೆ ‘ಇದು ನನಗಲ್ಲ’ ಅಂತ ಬ್ಯಾಂಕ್ ಪರೀಕ್ಷೆಗೆ ಕೂತವರನ್ನು ಬಹಳ ನೋಡಿದ್ದೇನೆ.

ಕಷ್ಟಗಳನ್ನೂ ಹೇಳಬೇಕು. ಹುದ್ದೆಗಳು ಹೆಚ್ಚಿನವು ಗುತ್ತಿಗೆ ಮೇಲೆ, ಸಂಬಳ ಕೆಲವು ಸಲ ತಿಂಗಳುಗಟ್ಟಲೆ ತಡ. ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಮೂರು ನಾಲ್ಕು ತಿಂಗಳ ಖರ್ಚಿಗೆ ಕೈಯಲ್ಲಿ ಏನಾದರೂ ಇಟ್ಟುಕೊಂಡೇ ಇಳಿಯಿರಿ. ಮದುವೆ ನಿಲ್ಲಿಸಿದವಳು ಅಂತ ಊರಲ್ಲಿ ಮಾತು ಬರುತ್ತದೆ, ಅಮ್ಮನ ಆತಂಕಕ್ಕೆ ಇದೂ ಒಂದು ಕಾರಣ ಇರಬಹುದು, ಅದು ಸುಳ್ಳು ಆತಂಕ ಅಲ್ಲ. ಅದಕ್ಕೇ ನಿಮ್ಮ ಸ್ವಂತ ಊರಿನಲ್ಲಿ ಕೆಲಸ ಬೇಡ, ಪಕ್ಕದ ಹೋಬಳಿ ಆರಿಸಿಕೊಳ್ಳಿ. ಸಂಜೆ ಆರರ ಮೇಲೆ ಒಬ್ಬರೇ ಮನೆ ಭೇಟಿ ಬೇಡ. ಯಾವ ಮಗುವಿನ ಜೊತೆಗೂ ಬಾಗಿಲು ಹಾಕಿದ ಕೋಣೆಯಲ್ಲಿ ಕೂರಬೇಡಿ, ಬೇರೆಯವರಿಗೆ ಮಾತು ಕೇಳಿಸದಷ್ಟು ದೂರದ, ಆದರೆ ಎಲ್ಲರಿಗೂ ಕಾಣುವ ಜಾಗ ನೋಡಿ, ಮಗುವಿಗೂ ನಿಮಗೂ ಅದೇ ರಕ್ಷಣೆ. ಮಕ್ಕಳ ಫೋಟೊ ನಿಮ್ಮ ಸ್ಟೇಟಸ್ಸಿಗೆ ಬರಬಾರದು. ಸೇರುವ ಸಂಸ್ಥೆ ನಿಮ್ಮ ಪೊಲೀಸ್ ಪರಿಶೀಲನಾ ಪತ್ರ ಕೇಳಿದರೆ ಬೇಜಾರು ಬೇಡ, ಕೇಳದಿದ್ದರೆ ಆ ಸಂಸ್ಥೆಯ ಬಗ್ಗೆ ಯೋಚಿಸಿ.

ಈ ವಾರ ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಮೊದಲ ಪುಟದಲ್ಲಿ ದಿನಾಂಕ ಹಾಕಿ, ಆ ಹುಡುಗಿ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯಿರಿ. ನಿಮಗೆ ಅನ್ನಿಸಿದ್ದನ್ನು ಅದರೊಳಗೆ ಸೇರಿಸಬೇಡಿ, ಕೆಳಗೆ ಬೇರೆಯಾಗಿ ಬರೆಯಿರಿ. ಪುಸ್ತಕವನ್ನು ಬೀಗದೊಳಗಿಡಿ. ಆಮೇಲೆ ಪಾಠ ಮುಗಿದ ಮೇಲೆ ಅವಳನ್ನು ಒಂದು ನಿಮಿಷ ನಿಲ್ಲಿಸಿಕೊಂಡು ಹೇಳಿ, ‘ಅವತ್ತು ಯಾರಿಗೂ ಹೇಳಲ್ಲ ಅಂತ ಹೂಂ ಅಂದಿದ್ದೆ, ಅದು ನನ್ನ ಕೈಲಿ ಆಗಲ್ಲ ಪುಟ್ಟಿ. ನಿನ್ನ ಹೆಸರು ಊರಲ್ಲಿ ಆಡಿಕೊಳ್ಳದ ಹಾಗೆ ಸಹಾಯ ಕೇಳ್ತೀನಿ’ ಅಂತ. ಅವಳು ಸಿಟ್ಟಾಗಬಹುದು, ಅಳಬಹುದು, ಎರಡು ದಿನ ಪಾಠಕ್ಕೆ ಬಾರದೆ ಇರಬಹುದು. ಅವತ್ತೇ ಸಂಜೆ ಆ ಪುಟ ಎದುರಿಗಿಟ್ಟುಕೊಂಡು 1098 ಒತ್ತಿ. ಅವಳಿಗೆ ಪರೀಕ್ಷೆ ಯಾವತ್ತು ಮುಗಿಯುತ್ತದೆ ಅನ್ನುವ ದಿನಾಂಕವನ್ನೂ ಅವರಿಗೆ ಹೇಳಿ.